ಬಿಸಿ ರೊಟ್ಟಿಯೂ ಬೇಕು, ಎಲ್ಲರೂ ಒಟ್ಟಿಗೆ ಕೂತು ಉಣ್ಣಲೂಬೇಕು: ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಿ?

ಬಳ್ಳಾರಿ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ಐದು ಜನರ ಮನೆ. ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಯಜಮಾನರಿಗೆ ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ತಂದು ಮಾಡುತ್ತೇನೆ. ರಾತ್ರಿ ಊಟ ಅಂದರೆ ನಮ್ಮಲ್ಲಿ ರೊಟ್ಟಿನೇ. ಅದೂ ಬಿಸಿ ರೊಟ್ಟಿ.

ಎರಡು ವಾರದ ಹಿಂದೆ ಒಂದು ರಾತ್ರಿ, ನಾಲ್ಕನೇ ರೊಟ್ಟಿ ಹಂಚಿನ ಮೇಲಿತ್ತು. ಒಂದು ಮಗ್ಗುಲು ಬೆಂದಿತ್ತು, ಇನ್ನೊಂದು ಮಗ್ಗುಲು ಹಸಿ. ಗ್ಯಾಸ್ ಮುಗಿದುಹೋಯಿತು. ನಮ್ಮ ಹತ್ತಿರ ಇರುವುದು ಒಂದೇ ಸಿಲಿಂಡರ್. ಆ ಹೊತ್ತಿನಲ್ಲಿ ಯಾರನ್ನು ಕೇಳೋದು? ಅತ್ತೆ ಏನೂ ಮಾತಾಡದೆ ಕಡಕ್ ರೊಟ್ಟಿ ಬುಟ್ಟಿ ಇಳಿಸಿದರು. ಶೇಂಗಾ ಚಟ್ನಿ ಇತ್ತು, ಮೊಸರಿತ್ತು, ಬೆಳಗ್ಗೆ ಮಾಡಿದ ಹೆಸರುಕಾಳು ಪಲ್ಯ ಇತ್ತು. ನನಗೆ ಮಾಡೋಕೆ ಏನೂ ಕೆಲಸ ಉಳಿಯಲಿಲ್ಲ. ಹಾಗಾಗಿ ನಾನೂ ಕೂತೆ.

ಉಳ್ಳಾಗಡ್ಡಿ ಒಡೆದು ರೊಟ್ಟಿ ಜೊತೆ ಕಚ್ಚಿಕೊಂಡೆ. ಮಗಳು ನನ್ನ ಮುಖಾನೇ ನೋಡುತ್ತಿದ್ದಳು. "ಅವ್ವಾ, ನೀನೂ ಹಸಿ ಉಳ್ಳಾಗಡ್ಡಿ ತಿಂತಿಯೇನು?" ಅಂದಳು. ಅವಳಿಗೆ ಈಗ ಹನ್ನೊಂದು ವರ್ಷ. ನಾನು ಹೇಗೆ ಉಣ್ಣುತ್ತೇನೆ ಅಂತ ಅವಳು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ಅನ್ನದ ಮನೆಯಲ್ಲಿ ಈ ತೊಂದರೆ ಇಲ್ಲ. ಕುಕ್ಕರ್ ಇಳಿಸಿದರೆ ಎಲ್ಲರೂ ಕೂರಬಹುದು. ರೊಟ್ಟಿ ಮನೆಯಲ್ಲಿ ಒಬ್ಬರು ಒಲೆ ಮುಂದೆ ನಿಲ್ಲಲೇಬೇಕು. ನಮ್ಮ ಮನೆಗೆ 12ರಿಂದ 14 ರೊಟ್ಟಿ ಬೇಕು. ಒಂದಕ್ಕೆ ಎರಡು ನಿಮಿಷ ಹಿಡಿದರೂ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಉಳಿದವರ ಊಟ ಮುಗಿದಿರುತ್ತದೆ. ನಾನು ಗಂಗಾಳ ಹಿಡಿದು ಬರುವಷ್ಟರಲ್ಲಿ ಮಕ್ಕಳು ಮೊಬೈಲ್ ಹಿಡಿದಿರುತ್ತಾರೆ, ಯಜಮಾನರು ಮಲಗಿರುತ್ತಾರೆ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ನನ್ನ ಅವ್ವನೂ ಹೀಗೇ ಉಂಡಳು, ಅತ್ತೆಯೂ ಹೀಗೇ ಉಂಡರು. ಆದರೆ ಆ ರಾತ್ರಿಯ ಊಟ ನನಗೆ ದಿನಾ ಬೇಕು ಅನ್ನಿಸುತ್ತಿದೆ. ಗ್ಯಾಸ್ ಮುಗಿಯುವ ತನಕ ಕಾಯೋಕಾಗಲ್ಲ ಅಲ್ವಾ?

ನಿಮ್ಮ ಮನೆಗಳಲ್ಲಿ ಹೇಗೆ ಮಾಡ್ತೀರಿ, ಹೇಳಿ.

ಕುಷ್ಟಗಿ ಅಕ್ಕ

ತಂಗಿ, ನಿನ್ನ ಉತ್ತರ ನಿಮ್ಮ ಅತ್ತೆ ಇಳಿಸಿದ ಬುಟ್ಟಿಯಲ್ಲೇ ಇದೆ.

ನಮ್ಮಲ್ಲಿ 15 ದಿನಕ್ಕೊಮ್ಮೆ ಕಡಕ್ ರೊಟ್ಟಿ ಮಾಡುತ್ತೇವೆ. ನಾನು, ನನ್ನ ನೆಗೆಣ್ಣಿ, ಪಕ್ಕದ ಮನೆಯ ದೊಡ್ಡವ್ವ. ಒಬ್ಬರು ಹಿಟ್ಟು ನಾದೋದು, ಒಬ್ಬರು ಬಡಿಯೋದು, ಒಬ್ಬರು ಬೇಯಿಸೋದು. ಬೆಳಗ್ಗೆ ಕೂತರೆ ಮಧ್ಯಾಹ್ನದೊಳಗೆ 70, 80 ರೊಟ್ಟಿ. ತೆಳ್ಳಗೆ ಬಡಿಯಬೇಕು, ಅಂಗೈ ಕೆಳಗೆ ಪರಾತ ತಾಗಿದ ಹಾಗೆ ಅನ್ನಿಸಬೇಕು. ಎರಡೂ ಮಗ್ಗುಲು ಬೆಂದ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತಾ ಒಣಗಿಸಬೇಕು. ಕಟ್ಟಿಗೆ ಒಲೆ ಇದ್ದವರು ಒಲೆ ಪಕ್ಕ ಆನಿಸಿ ನಿಲ್ಲಿಸಿದರೂ ಸಾಕು. ಪೂರ್ತಿ ಆರಿದ ಮೇಲೆ ಅರಿವೆ ಹಾಸಿದ ಬುಟ್ಟಿಯಲ್ಲಿ ಜೋಡಿಸಿ ಇಡು. ನೀರಿನ ಪಸೆ ಮಾತ್ರ ತಾಗಬಾರದು.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನೋಡಿದ್ದೀಯಲ್ಲ? ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತವೆ. ನಮ್ಮ ಓಣಿಯ ರೊಟ್ಟಿಯೂ ಹೋಗುತ್ತವೆ. ಅಷ್ಟು ದಿನದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ ಸಾಲಾಗಿ ಕೂತು ಉಣ್ಣೋಕೆ ಸಾಧ್ಯ ಆಗಿದ್ದೇ ಈ ರೊಟ್ಟಿ ಮೊದಲೇ ಮಾಡಿ ಇಡಬಹುದು ಅನ್ನೋದರಿಂದ. ಮನೆಗೂ ಅದೇ ಲೆಕ್ಕ. ವಾರದಲ್ಲಿ ಎರಡು ರಾತ್ರಿ ಕಡಕ್ ರೊಟ್ಟಿ ಅಂತ ಗಟ್ಟಿ ಮಾಡಿಕೋ. ಆ ಎರಡು ರಾತ್ರಿ ನೀನು ಕೂರು.

ಸಿಂಧನೂರು ರೈತ

ಎಲ್ಲಾ ಸರಿ ಅಕ್ಕಾ, ಆದರೆ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಹಂಚಿನಿಂದ ನೇರ ಗಂಗಾಳಕ್ಕೆ ಬಿದ್ದ ರೊಟ್ಟಿ ಬೇರೆ, ಬುಟ್ಟಿಯ ರೊಟ್ಟಿ ಬೇರೆ. ಉಬ್ಬಿದ ರೊಟ್ಟಿಯ ಮೇಲಿನ ಪದರ ಬಿಡಿಸಿ, ಒಳಗೆ ಬೆಣ್ಣೆ ಇಟ್ಟು, ಪುಂಡಿ ಪಲ್ಯ ಹಚ್ಚಿಕೊಂಡು ತಿನ್ನೋದು ಇದೆಯಲ್ಲ, ಅದಕ್ಕಾಗಿಯೇ ನಾನು ಹೊಲದಿಂದ ಮನೆಗೆ ಬರುತ್ತೇನೆ. ನಮ್ಮವ್ವ ಬಡಿದು ಹಾಕಿದ್ದು ಪ್ರೀತಿಯಿಂದ. ಅದನ್ನು ಕಷ್ಟ ಅಂತ ಯಾರೂ ಎಣಿಸಲಿಲ್ಲ.

ಇನ್ನೊಂದು ಮಾತು. ನಾವು ಸಣ್ಣವರಿದ್ದಾಗ ಅವ್ವ ಒಬ್ಬಳೇ ಇರುತ್ತಿರಲಿಲ್ಲ. ಒಲೆ ನೆಲದ ಮೇಲಿತ್ತು. ಅವ್ವ ಮಣೆ ಮೇಲೆ ಕೂತಿರುತ್ತಿದ್ದಳು. ನಾವು ಒಲೆ ಸುತ್ತ ಕೂರುತ್ತಿದ್ದೆವು, ಅಪ್ಪನೂ ಅಲ್ಲೇ. ರೊಟ್ಟಿ ಬಡಿಯುತ್ತಾ ಅವ್ವ ಕಥೆ ಹೇಳುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಥಪ್ ಥಪ್ ಸಪ್ಪಳದ ನಡುವೆ ನಮ್ಮ ಊಟ. ಈಗಿನ ಮನೆಗಳಲ್ಲಿ ಅಡುಗೆ ಕಟ್ಟೆ ಗೋಡೆಗೆ ಹತ್ತಿದೆ. ಮಾಡುವವರ ಮುಖ ಗೋಡೆ ಕಡೆ, ಬೆನ್ನು ನಮ್ಮ ಕಡೆ. ಉಣ್ಣುವವರು ಟಿವಿ ಮುಂದೆ. ತಪ್ಪು ಬಿಸಿ ರೊಟ್ಟಿಯದ್ದಲ್ಲ, ಕಟ್ಟೆಯದ್ದು ಅಂತ ನನಗೆ ಅನ್ನಿಸುತ್ತದೆ.

ಕುಷ್ಟಗಿ ಅಕ್ಕ

ಅಣ್ಣಾ, ಕಟ್ಟೆಯ ಮಾತು ನೂರಕ್ಕೆ ನೂರು ನಿಜ. ಓದಿ ನನ್ನ ಅವ್ವನ ಒಲೆ ನೆನಪಾಯಿತು.

ಆದರೆ ಒಂದು ಕೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮವ್ವ ಉಂಡಿದ್ದು ಯಾವಾಗ? ನಿಮ್ಮೆಲ್ಲರದ್ದೂ ಆದ ಮೇಲೆ. ಪಲ್ಯ ಉಳಿದಿದ್ದರೆ ಪಲ್ಯ, ಇಲ್ಲದಿದ್ದರೆ ಖಾರ ಎಣ್ಣೆ. ನನ್ನ ಅವ್ವ ಹಾಗೇ ಉಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಹಸಿವೂ ಇತ್ತು.

ರಾಯಚೂರಿನ ಆಪಾ

ನಮ್ಮ ಮನೆಯ ಮಾತು ಹೇಳುತ್ತೇನೆ. ನಮ್ಮದು ದಸ್ತರ್‌ಖಾನ್ ಹಾಸಿ ಸುತ್ತ ಕೂರುವ ಮನೆ. ನಮ್ಮಲ್ಲೂ ರೊಟ್ಟಿ ಜೋಳದ್ದೇ. ಶುಕ್ರವಾರ ಮಾತ್ರ ಬಗಾರಾ ಅನ್ನ, ದಾಲ್ಚಾ. ಉಳಿದ ದಿನಗಳಲ್ಲಿ ನಾನೂ ಒಲೆ ಮುಂದೇನೇ.

ಆದರೆ ರಮ್ಜಾನ್ ತಿಂಗಳಲ್ಲಿ ಯಾರೂ ಒಲೆ ಮುಂದೆ ಇರಲ್ಲ. ಇರೋಕೆ ಬರಲ್ಲ. ಮಗ್ರಿಬ್ ಅಜಾನ್ ಆದ ಕ್ಷಣ ಎಲ್ಲರ ಕೈಗೂ ಖರ್ಜೂರ ಬರಬೇಕು. ಮಾಡಿದವರೂ ಬೆಳಗ್ಗೆಯಿಂದ ಉಪವಾಸ ಇದ್ದವರೇ ಅಲ್ವಾ? ಹಾಗಾಗಿ ಭಜ್ಜಿ ಕರಿಯೋದಿದ್ದರೂ ಹತ್ತು ನಿಮಿಷ ಮೊದಲೇ ಒಲೆ ಆರಿಸಬೇಕು. ಇದು ನನ್ನ ಅತ್ತೆ ಹಾಕಿದ ಕಟ್ಟು. ಕೆಲಸ ಮುಗಿಯದಿದ್ದರೆ ಮನೆಯ ಗಂಡಸರು ಬಂದು ಹಣ್ಣು ಹೆಚ್ಚುತ್ತಾರೆ, ಶರಬತ್ ಕಲಸುತ್ತಾರೆ. ಹೇಳಿಸಿಕೊಳ್ಳೋದೇ ಇಲ್ಲ. ಗಡಿಯಾರ ಹೇಳಿರುತ್ತದೆ.

ಒಂದು ರಮ್ಜಾನ್ ಮುಗಿದ ಮೇಲೆ ನಾನು ಅತ್ತೆಯನ್ನು ಕೇಳಿದೆ, ಈ ಕಟ್ಟು ಹನ್ನೆರಡು ತಿಂಗಳೂ ಯಾಕಿರಬಾರದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ" ಅಂದರು. ಈಗ ರಾತ್ರಿ ಎಂಟೂವರೆಗೆ ನಮ್ಮ ಒಲೆ ಆರುತ್ತದೆ. ರೊಟ್ಟಿ ಎಷ್ಟಾಗಿದೆಯೋ ಅಷ್ಟು. ಕಡಿಮೆ ಬಿದ್ದರೆ ಅನ್ನ ಇದೆ. ಒಲೆ ಆರಿಸಿಯೇ ಕೂರೋದು. ನೀವೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಮಾನ್ವಿ ತಮ್ಮ

ನಾನು ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡಿರುವ ಹುಡುಗ. ಬಂದ ಮೊದಲ ವರ್ಷ ರೊಟ್ಟಿ ಸಿಗದೆ ಒದ್ದಾಡಿದೆ. ಕೊನೆಗೆ ವಿಡಿಯೋ ಕಾಲ್‌ನಲ್ಲಿ ಅವ್ವನನ್ನು ಕೂರಿಸಿಕೊಂಡು ಕಲಿತೆ. ಅಣ್ಣಂದಿರಿಗೆ ಹೇಳುತ್ತೇನೆ, ಇದು ಕಲಿಯೋಕೆ ಆಗದ ವಿದ್ಯೆಯೇನಲ್ಲ.

ನನ್ನ ರೊಟ್ಟಿ ಮೊದಮೊದಲು ಅಂಚಿನಲ್ಲಿ ಸೀಳುತ್ತಿದ್ದವು. ತಪ್ಪು ಎಸರಿನಲ್ಲಿತ್ತು. ಬೆಚ್ಚಗಿನ ನೀರು ಹಾಕುತ್ತಿದ್ದೆ. ಅದು ಸಾಲದು. ನೀರು ಮಳಮಳ ಕುದಿಯಬೇಕು. ಗೋಧಿ ಹಿಟ್ಟಿಗೆ ಇರುವ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನಲ್ಲಿರುವ ಗಂಜಿ ಬೆಂದು ಜಿಗಿ ಬರುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು, ಸಟ್ಟುಗದಿಂದ ಕಲಸಿ ಐದು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಿ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಗಿರಣಿಯಿಂದ ತಂದು ಬಹಳ ದಿನ ಆದ ಹಿಟ್ಟಾದರೆ ಎಷ್ಟು ನಾದಿದರೂ ಸೀಳುತ್ತದೆ. ಸ್ವಲ್ಪ ಸ್ವಲ್ಪ ಬೀಸಿಸಿ ತರೋದು ಒಳ್ಳೇದು.

ಹಂಚಿಗೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಸವರಿ. ನೀರಿನ ಹೊಳಪು ಆರುತ್ತಿದ್ದಂತೆ ತಿರುವಿ ಹಾಕಿ. ತಡ ಮಾಡಿದರೆ ಉಬ್ಬಲ್ಲ.

ಈಗ ಮುಖ್ಯ ವಿಷಯ. ಊರಿಗೆ ಹೋದಾಗ ನಾನು ಬಡಿಯುತ್ತೇನೆ, ಅವ್ವ ಬೇಯಿಸುತ್ತಾಳೆ. ಒಬ್ಬರಿಗೆ ಅರ್ಧ ಗಂಟೆ ಹಿಡಿಯೋದು ಇಬ್ಬರಿಗೆ ಕಾಲು ಗಂಟೆ. ಆದದ್ದನ್ನೆಲ್ಲ ಒಂದರ ಮೇಲೊಂದು ಹಾಕಿ ದಪ್ಪ ಅರಿವೆಯಲ್ಲಿ ಸುತ್ತಿಟ್ಟರೆ ಕೊನೆಯದು ಹಂಚಿನಿಂದ ಇಳಿದಾಗ ಮೊದಲನೆಯದು ಇನ್ನೂ ಬೆಚ್ಚಗಿರುತ್ತದೆ. ಸಿಂಧನೂರಿನ ಅಣ್ಣ ಹೇಳಿದ ರುಚಿ ಪೂರ್ತಿ ಬರಲ್ಲ, ಒಪ್ಪುತ್ತೇನೆ. ಆದರೆ ಅವ್ವ ನನ್ನ ಎದುರಿಗೆ ಕೂತಿರುತ್ತಾಳೆ.

ಗಂಗಾವತಿ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಬಳ್ಳಾರಿಯ ಮಗಳು ಅನ್ನದ ಮನೆ, ರೊಟ್ಟಿ ಮನೆ ಅಂತ ಬರೆದಿದ್ದಾಳಲ್ಲ, ಅದರ ಮೇಲೆ ಎರಡು ಮಾತು.

ನಮ್ಮ ಕಡೆ ಮೊದಲು ಎಲ್ಲವೂ ರೊಟ್ಟಿ ಮನೆಗಳೇ. ಅನ್ನ ಹಬ್ಬಕ್ಕೆ, ಬೀಗರು ಬಂದಾಗ, ಹುಷಾರಿಲ್ಲದವರಿಗೆ. ದಿನಾ ರೊಟ್ಟಿ, ಇಲ್ಲದಿದ್ದರೆ ಜೋಳದ ನುಚ್ಚು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಂತು. ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲ ಭತ್ತದ ನಾಡಾಯಿತು. ಸೋನಾ ಮಸೂರಿ ನಮ್ಮ ಹೊಲದಲ್ಲೂ ಬಂತು, ಗಂಗಾಳದಲ್ಲೂ ಬಂತು. ಅದರ ಜೊತೆ ಇನ್ನೊಂದೂ ಬದಲಾಯಿತು, ಅದನ್ನು ಯಾರೂ ಬರೆದಿಡಲಿಲ್ಲ. ನನ್ನ ಅವ್ವ ರಾತ್ರಿ ಅನ್ನ ಮಾಡಿದ ದಿನ ನಮ್ಮ ಜೊತೆಗೇ ಕೂರುತ್ತಿದ್ದಳು. ರೊಟ್ಟಿ ದಿನ ಇಲ್ಲ. ಆಗ ನನಗೆ ಅದರ ಅರ್ಥ ಆಗಿರಲಿಲ್ಲ. ಈ ಮಗಳು ಬರೆದದ್ದನ್ನು ಓದಿ ಈಗ ಆಯಿತು.

ಒಟ್ಟಿಗೆ ಕೂತಾಗ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಆ ವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಬೇರೆ ಮಾತೇ ಇರಲಿಲ್ಲ. ಮೊಮ್ಮಗ ಕೇಳಿದ, ನೀರು ಹೋದರೆ ನಮಗೇನು? ಮಗ ಅವನ ಗಂಗಾಳದ ಅನ್ನ ತೋರಿಸಿ ಕಾಲುವೆ, ಉಪಕಾಲುವೆ, ಗದ್ದೆ ಎಲ್ಲ ವಿವರಿಸಿದ. ಸೊಸೆ ತವರಿನ ಗದ್ದೆ ಎಷ್ಟನೇ ವಿತರಣಾ ಕಾಲುವೆಗೆ ಬರುತ್ತದೆ ಅಂತ ಹೇಳಿದಳು. ಅವಳೂ ಅಲ್ಲಿ ಕೂತಿದ್ದಳಲ್ಲ, ಅದಕ್ಕೇ ಹೇಳಿದಳು. ಅಡುಗೆಮನೆಯಲ್ಲಿ ಇದ್ದಿದ್ದರೆ ಆ ಮಾತು ನಮಗೆ ಸಿಗುತ್ತಿರಲಿಲ್ಲ.

ಹಟ್ಟಿಯ ಮಗಳು

ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿದ್ದರು. ಶಿಫ್ಟ್ ಮನೆಯವರಿಗೆ ರಾತ್ರಿ ಊಟಾನೇ ಒಟ್ಟಿಗೆ ಆಗಬೇಕು ಅಂತ ಹಟ ಬೇಡ. ಅಪ್ಪನಿಗೆ ಯಾವ ಪಾಳಿ ಅಂತ ನೋಡಿಕೊಂಡು ಅವ್ವ ವಾರ ವಾರ ಹೊತ್ತು ಬದಲಾಯಿಸುತ್ತಿದ್ದಳು. ಬೆಳಗಿನ ಪಾಳಿ ಇದ್ದಾಗ ನಮ್ಮ ದೊಡ್ಡ ಊಟ ಮಧ್ಯಾಹ್ನ ಮೂರೂವರೆಗೆ. ನಾವು ಶಾಲೆಯಿಂದ ಬಂದ ಮೇಲೆ. ರಾತ್ರಿ ಪಾಳಿ ಇದ್ದಾಗ ಬೆಳಗ್ಗೆ ಏಳಕ್ಕೆ ಬಿಸಿ ಬಿಸಿ ಮಂಡಾಳ ಒಗ್ಗರಣೆ, ಎಲ್ಲರೂ ಒಂದೇ ಪರಾತದಿಂದ. ಅದು ಊಟ ಅಲ್ಲ, ನಾಷ್ಟಾ. ಆದರೆ ನನಗೆ ಅಪ್ಪನ ನೆನಪು ಜಾಸ್ತಿ ಇರೋದು ಆ ಪರಾತದ ಸುತ್ತಲೇ.

ಲಿಂಗಸುಗೂರು ಕಾಕಾ

ಎಳ್ಳು ಅಮಾವಾಸ್ಯೆ ಯಾರೂ ಹೇಳಲಿಲ್ಲವಲ್ಲ! ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವ ದಿನ. ಹಿಂದಿನ ರಾತ್ರಿಯಿಂದಲೇ ಅಡುಗೆ. ಸಜ್ಜೆ ರೊಟ್ಟಿ, ಜೋಳದ ಕಡುಬು, ಭಜ್ಜಿ ಪಲ್ಯ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಎಣಗಾಯಿ, ಮೊಸರನ್ನ. ಭಜ್ಜಿ ಅಂದರೆ ಕರಿದದ್ದಲ್ಲ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸಿದ್ದು. ಬುಟ್ಟಿ ಹೊತ್ತು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬಿಳಿಜೋಳದ ಹೊಲದ ನಡುವೆ ಎಲ್ಲರೂ ಕೂರೋದು. ಒಲೆ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಹೆಣ್ಣುಮಕ್ಕಳೂ ಅವತ್ತು ಸಾಲಿನಲ್ಲೇ ಕೂರುತ್ತಾರೆ. ನಮ್ಮ ಮನೆಯವಳಿಗೆ ವರ್ಷದಲ್ಲಿ ಅತಿ ಇಷ್ಟದ ಹಬ್ಬ ಅದು. ಯಾಕೆ ಅಂತ ನಾನು ಕೇಳಿರಲಿಲ್ಲ. ಇವತ್ತು ಕೇಳುತ್ತೇನೆ.

ಸಿರುಗುಪ್ಪ ಟೀಚರ್

ರೊಟ್ಟಿ ಕೊಂಡು ತಂದರೆ ತಪ್ಪೇನು? ಈಗ ಊರೂರಲ್ಲಿ ಹೆಣ್ಣುಮಕ್ಕಳು ರೊಟ್ಟಿ ಮಾಡಿ ಮಾರುತ್ತಾರೆ. ನಾವು ಇಬ್ಬರೂ ಕೆಲಸಕ್ಕೆ ಹೋಗುವವರು. ಬುಧವಾರ, ಶುಕ್ರವಾರ ನಮ್ಮ ಮನೆಗೆ ಹೊರಗಿನ ರೊಟ್ಟಿ. ಪಲ್ಯ ಮಾತ್ರ ಮನೆಯದು. ಮೊದಲು ಮುಜುಗರ ಆಗುತ್ತಿತ್ತು, ಈಗಿಲ್ಲ. ಮಾಡುವ ಅಕ್ಕನಿಗೂ ನಾಲ್ಕು ಕಾಸು ಸಿಗುತ್ತದೆ.

ಸಿಂಧನೂರು ರೈತ

ಕುಷ್ಟಗಿ ಅಕ್ಕನ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ಉಣ್ಣುವಾಗ ನಮ್ಮ ಮನೆಯವಳನ್ನು ಕೇಳಿದೆ, ನಿನಗೆ ಬಿಸಿ ರೊಟ್ಟಿ ತಿಂದು ಎಷ್ಟು ದಿನ ಆಯಿತು? ಅವಳು ಬಡಿಯೋದು ನಿಲ್ಲಿಸಿ ಯೋಚನೆ ಮಾಡಿದಳು. "ತವರಿಗೆ ಹೋದಾಗ ಅವ್ವ ಹಾಕಿದ್ದು" ಅಂದಳು. ಹೋಗಿದ್ದು ಪಂಚಮಿಗೆ.

ನಾನು ಎದ್ದು ಹೋಗಿ ಒಂದು ರೊಟ್ಟಿ ಬಡಿಯೋಕೆ ನೋಡಿದೆ. ಬರಲಿಲ್ಲ. ಮಾನ್ವಿ ತಮ್ಮ ಹೇಳಿದ್ದನ್ನೆಲ್ಲ ಮಾಡಿದರೂ ಎತ್ತುವಾಗ ಹರಿಯಿತು. ಹಾಗಾಗಿ ಅವಳು ಬಡಿದು ಕೊಟ್ಟ ಕೊನೆಯ ಎರಡನ್ನು ನಾನು ಬೇಯಿಸಿದೆ. ಅವಳನ್ನು ಕೂರಿಸಿ ಹಂಚಿನಿಂದಲೇ ಅವಳ ಗಂಗಾಳಕ್ಕೆ ಹಾಕಿದೆ. ಬೆಣ್ಣೆಯನ್ನೂ ನಾನೇ ಇಟ್ಟೆ. ಅಷ್ಟೇ ಮಾಡಿದ್ದು. ಹೇಳಬೇಕು ಅನ್ನಿಸಿತು.

ಕುಷ್ಟಗಿ ಅಕ್ಕ

ಅಣ್ಣಾ, ನಿಮಗೆ ಒಳ್ಳೆಯದಾಗಲಿ. ಎತ್ತುವಾಗ ಹರಿದರೆ ಕೆಳಗೆ ಒಣ ಹಿಟ್ಟು ಸಾಲದು ಅಂತ ಅರ್ಥ. ನಾಳೆ ಸ್ವಲ್ಪ ಜಾಸ್ತಿ ಉದುರಿಸಿ.

ಬಳ್ಳಾರಿ ಸೊಸೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಮೂರು ವಾರದಲ್ಲಿ ಆದದ್ದು ಇಷ್ಟು.

ಸಿಂಧನೂರಿನ ಅಣ್ಣ ಹೇಳಿದ ನೆಲದ ಒಲೆ ಮಾತು ಅತ್ತೆಗೆ ತುಂಬಾ ಹಿಡಿಸಿತು. ಗ್ಯಾಸ್ ಒಲೆಯನ್ನೇ ಕೆಳಗೆ ಇಡೋಣ ಅಂದರು. ಅದನ್ನು ಮಾತ್ರ ಯಾರೂ ಮಾಡಬೇಡಿ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಎತ್ತರದಲ್ಲೇ ಇರಬೇಕು. ಬದಲಿಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆವು. ಯಜಮಾನರಿಗೆ ರಜೆ ಇರುವ ದಿನ ಸಂಜೆ ಅಲ್ಲಿ ಕಟ್ಟಿಗೆ ಒಲೆ. ಅತ್ತೆ ಮಣೆ ಹಾಕಿಕೊಂಡು ಬಡಿಯುತ್ತಾರೆ, ನಾನು ಬೇಯಿಸುತ್ತೇನೆ, ಮಕ್ಕಳು ಸುತ್ತ. ಅವತ್ತು ಹಂಚಿನಿಂದ ಗಂಗಾಳಕ್ಕೆ. ಇಬ್ಬರು ಉಂಡ ಮೇಲೆ ಇಬ್ಬರು ಕೈ ಬದಲಾಯಿಸುತ್ತಾರೆ. ಬಳ್ಳಾರಿ ಬೇಸಿಗೆಯಲ್ಲಿ ಒಲೆ ಮುಂದೆ ಇದು ಆಗಲ್ಲ ಅಂತ ಗೊತ್ತು. ಆಗ ಕುಷ್ಟಗಿ ಅಕ್ಕನ ಬುಟ್ಟಿ ಇದೆ.

ಉಳಿದ ದಿನ ಆಪಾ ಹೇಳಿದ ಹಾಗೆ ಒಲೆ ಆರಿಸಿ ಕೂರೋದು. ಹೊತ್ತು ಮಾತ್ರ ಹಟ್ಟಿಯ ಅಕ್ಕ ಹೇಳಿದ ಹಾಗೆ ಶಿಫ್ಟ್ ನೋಡಿಕೊಂಡು. ಗೋಡೆಯ ಕ್ಯಾಲೆಂಡರ್ ಮೇಲೆ ಮಗಳು ಊಟದ ಹೊತ್ತು ಬರೆದಿಟ್ಟಿದ್ದಾಳೆ. ಯಜಮಾನರು ಎಸರಿಡೋದು, ನಾದೋದು ಕಲಿತರು. ಬಡಿಯೋದು ಇನ್ನೂ ಬಂದಿಲ್ಲ. ಆದರೂ ಹತ್ತು ನಿಮಿಷ ಉಳಿಯುತ್ತದೆ.

ಮೊನ್ನೆ ಅತ್ತೆ ಉಣ್ಣುತ್ತಾ ಉಣ್ಣುತ್ತಾ ಒಂದು ಮಾತು ಹೇಳಿದರು. ಅವರು ಮದುವೆಯಾಗಿ ಬಂದ ಹೊಸದರಲ್ಲಿ, ಎಲ್ಲರದ್ದೂ ಆದ ಮೇಲೆ ಅವರ ಅತ್ತೆ ಒಂದು ಬಿಸಿ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿ ಬಚ್ಚಿಡುತ್ತಿದ್ದರಂತೆ. ಸೊಸೆಗೆ ಅಂತ. ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿದ್ದೇನೆ, ಈ ಮಾತು ಕೇಳಿರಲಿಲ್ಲ. ಮಗ ಕೂಡಲೇ ಎದ್ದು ಬುಟ್ಟಿಯ ತಳ ನೋಡಿದ. ಅತ್ತೆ ನಕ್ಕರು.

ನಾಳೆ ಪುಂಡಿ ಪಲ್ಯ. ಸೊಪ್ಪು ಬಿಡಿಸೋದು ಮಕ್ಕಳ ಪಾಲಿಗೆ, ಬೇಳೆ ನುಚ್ಚು ಬೇಯಿಸೋದು ಅತ್ತೆ ಪಾಲಿಗೆ. ಬೆಳ್ಳುಳ್ಳಿ ಒಗ್ಗರಣೆ ನಾನೇ ಹಾಕುತ್ತೇನೆ, ಅದನ್ನು ಬಿಟ್ಟುಕೊಡಲ್ಲ. ಮಾನ್ವಿ ತಮ್ಮಾ, ಒಂದು ಕೇಳಬೇಕಿತ್ತು. ಇವರು ಬಡಿಯುವಾಗ ರೊಟ್ಟಿ ದುಂಡಗೆ ತಿರುಗೋದೇ ಇಲ್ಲ, ಒಂದೇ ಕಡೆ ದಪ್ಪ ಉಳಿಯುತ್ತದೆ. ನಿನಗೂ ಹಾಗೆ ಆಗುತ್ತಿತ್ತಾ?

ಮಾನ್ವಿ ತಮ್ಮ

ಆಗುತ್ತಿತ್ತು ಅಕ್ಕಾ. ಮಾವನಿಗೆ ಎಡಗೈಯನ್ನು ಅಂಚಿಗೆ ಆನಿಸಿ ಇಟ್ಟುಕೊಳ್ಳೋಕೆ ಹೇಳಿ. ಬಲಗೈ ಬಡಿಯಲಿ, ಎಡಗೈ ತಿರುಗಿಸಲಿ. ಮೊದಲು ಸಣ್ಣ ಉಂಡೆ ಹಿಡಿಯಲಿ, ಅಂಗೈಯಷ್ಟು ರೊಟ್ಟಿ ಸಾಕು. ಅವನ್ನು ಮಕ್ಕಳಿಗೆ ಕೊಡಿ, ಅವರಿಗೆ ಸಣ್ಣ ರೊಟ್ಟಿ ಅಂದರೆ ಇಷ್ಟ.